ಗೇಟಿನವರೆಗೆ ನಡೆದು ತೋರಿಸು

ನಮ್ಮ ಬೆಟ್ಟಗಳ ನೆತ್ತಿಯ ಮೇಲೆ ಉದ್ದದ ಕಾಲುದಾರಿಯೊಂದಿದೆ. ಪೂರ್ತಿ ನಡೆಯಲು ವಾರಗಟ್ಟಲೆ ಬೇಕು. ಅಕ್ಕ, ನಾನು, ತಂಗಿ ಮೂವರೂ ಅದನ್ನು ತುಂಡು ತುಂಡಾಗಿ ಮುಗಿಸುತ್ತಿದ್ದೆವು. ಮಳೆ ಬಿಟ್ಟು ಕಾಫಿ ಕುಯ್ಲು ಶುರುವಾಗುವುದರೊಳಗೆ, ವರ್ಷಕ್ಕೊಂದು ದಿನ. ಎಲ್ಲಿ ಹತ್ತಬೇಕು, ಎಲ್ಲಿ ಇಳಿದರೆ ಜೀಪು ಸಿಗುತ್ತದೆ ಎಂದು ಗೊತ್ತುಮಾಡುತ್ತಿದ್ದವಳು ನಾನು. ಅರಣ್ಯ ಇಲಾಖೆಯವರ ಅನುಮತಿಗೆ ಅಲೆಯುತ್ತಿದ್ದವಳೂ ನಾನೇ.

ಈ ವರ್ಷ ಮಳೆಗಾಲಕ್ಕೆ ಮೊದಲು ಕಾಳುಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ನನ್ನ ಬಲಗಾಲು ಮುರಿಯಿತು. ಪ್ಲೇಟು ಹಾಕಿದರು. ಮೂಳೆ ಕೂಡಿತು, ಆದರೆ ನಡೆಯುವಾಗ ಮೈ ಒಂದು ಕಡೆಗೆ ವಾಲುತ್ತದೆ. ಹಾಗಿದ್ದೂ ಮಳೆ ನಿಂತ ಮೇಲೆ ಅಕ್ಕ ಫೋನ್ ಮಾಡಿ, "ಈ ಸಲದ್ದು ಮಾತಾಡುವ, ಬಾ" ಅಂದಾಗ ಖುಷಿಯಿಂದಲೇ ವಿರಾಜಪೇಟೆಯಿಂದ ಬಸ್ಸು ಹತ್ತಿ ಕಕ್ಕಬೆಯ ಅವಳ ಮನೆಗೆ ಹೋದೆ.

ತಂಗಿ ಆಗಲೇ ಬಂದಿದ್ದಳು. ಭಾವ ವರಾಂಡದಲ್ಲಿ ಕುಳಿತು ಫೋನ್ ನೋಡುತ್ತಿದ್ದರು. ಕಾಫಿ ಕುಡಿಯುತ್ತಾ ನಾನು ದಾರಿ ಹೇಳತೊಡಗಿದೆ. ಶೋಲಾ ಕಾಡು ದಾಟಿದರೆ ಹುಲ್ಲುಗುಡ್ಡ, ಆಮೇಲೆ ನೀರಿಲ್ಲ, ಜಿಗಣೆಗೆ ಉಪ್ಪು ಮರೆಯಬಾರದು. ಅಕ್ಕ ನಡುವೆ ಬಾಯಿ ಹಾಕಿದಳು.

"ನೀನೂ ಬರ್ತೀಯಾ ಎಂತ?"

"ಮತ್ತೆ? ಡಾಕ್ಟರು ನಡೀಲಿಕ್ಕೆ ಹೇಳಿದ್ದಾರಲ್ಲ."

"ಬೆಟ್ಟ ಹತ್ಲಿಕ್ಕೆ ಹೇಳಿದ್ರಾ? ಹೋಗು, ಗೇಟಿನವರೆಗೆ ನಡೆದು ತೋರ್ಸು. ನೋಡುವ."

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಅವಳು ನಿಜವಾಗಿಯೂ ಕಾಯುತ್ತಿದ್ದಳು. ಎದ್ದೆ. ಕಾಫಿ ಒಣಹಾಕುವ ಕಣ ದಾಟಿ ಇಳಿಜಾರಿನಲ್ಲಿ ಹೋಗಿ, ಗೇಟು ಮುಟ್ಟಿ ತಿರುಗಿದೆ. ಏರು ಬಂದಾಗ ಕಾಲು ನನ್ನ ಮಾತು ಕೇಳಲಿಲ್ಲ. ಬೇಲಿಯ ಕಂಬ ಹಿಡಿದು ನಿಂತೆ. ಮೇಲಿನಿಂದ ಭಾವನ ನಗು ಕೇಳಿಸಿತು.

ವರಾಂಡಕ್ಕೆ ಬಂದರೆ ಅಕ್ಕ ಸೆರಗು ಸಿಕ್ಕಿಸಿಕೊಂಡು ನನ್ನ ಹಾಗೆಯೇ ವಾಲಿ ವಾಲಿ ನಡೆದು ತೋರಿಸುತ್ತಿದ್ದಳು. ನನ್ನನ್ನು ಕಂಡೂ ನಿಲ್ಲಿಸಲಿಲ್ಲ. ಭಾವ ಫೋನ್ ನನ್ನ ಮುಖದೆದುರು ಹಿಡಿದರು. "ನೋಡಮ್ಮ, ನೀನೇ ನೋಡು." ನಾನು ಹೋಗಿ ಬಂದದ್ದನ್ನೆಲ್ಲ ವಿಡಿಯೋ ತೆಗೆದಿದ್ದರು. ತಂಗಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಹೆಗಲು ಮಾತ್ರ ಕುಲುಕುತ್ತಿತ್ತು.

"ನಿನ್ನನ್ನು ಕಟ್ಕೊಂಡ್ರೆ ನಾವು ಮೇಲೆಯೇ ರಾತ್ರಿ ಕಳೀಬೇಕಷ್ಟೆ," ಅಂದಳು ಅಕ್ಕ. "ನೀನು ರೊಟ್ಟಿ, ಚಟ್ನಿ ಮಾಡಿಕೊಡು, ಸಾಕು. ಕೊನೇ ನೀರು ಎಲ್ಲಿ ಅಂದಿ?"

ಹೇಳಿದೆ. ಎರಡನೇ ಶೋಲಾದ ಹಿಂದೆ, ಬಂಡೆಯ ಎಡಕ್ಕೆ. ಆಮೇಲೆ, "ರೊಟ್ಟಿ ನೀನೇ ಸುಟ್ಕೋ" ಅಂದು ಚೀಲ ತೆಗೆದುಕೊಂಡೆ. ಬಸ್ ಸ್ಟಾಪಿನವರೆಗೆ ಬಿಡುತ್ತೇನೆ ಎಂದು ಒಬ್ಬರೂ ಹೇಳಲಿಲ್ಲ. ಬಸ್ಸು ವಿರಾಜಪೇಟೆ ತಲುಪುವಷ್ಟರಲ್ಲಿ ಭಾವ ತೆಗೆದ ವಿಡಿಯೋ ಮನೆಯವರ ಗ್ರೂಪಿನಲ್ಲಿತ್ತು. ಕೆಳಗೆ ಸಾಲಾಗಿ ನಗುವ ಮುಖಗಳು. ಚಿಕ್ಕಮ್ಮ ಕೂಡ ಒಂದು ಹಾಕಿದ್ದರು.

ಒಂದು ದಿನ ಅಕ್ಕ, ತಂಗಿ ಬೆಟ್ಟ ಹತ್ತಿ ಬಂದರು. ಸಂಜೆ ಅಕ್ಕನೇ ಫೋನ್ ಮಾಡಿದಳು.

"ಅಷ್ಟೇನೂ ಕಷ್ಟ ಇರ್ಲಿಲ್ಲ ಮಾರಾಯ್ತಿ. ನೀನೂ ಬರ್ಬೋದಿತ್ತು."

ನಾನು ಫೋನ್ ಇಟ್ಟೆ.

ಮುಂದಿನ ವಾರ ಯಾರಿಗೂ ಹೇಳದೆ ಅದೇ ದಾರಿಗೆ ಒಬ್ಬಳೇ ಹೋದೆ. ಅವತ್ತು ವರಾಂಡದಲ್ಲಿ ಅವಳು ಆಡಿದ ಮಾತು ಸುಳ್ಳು ಮಾಡಬೇಕು ಎನ್ನುವ ಹಟ. ಜೀಪು ರಸ್ತೆ ಮುಗಿದು ಏರು ಶುರುವಾದ ಸ್ವಲ್ಪದರಲ್ಲೇ ಕಾಲು ಸೋತಿತು. ಮೊದಲನೇ ಹಳ್ಳದ ಸದ್ದು ಕೇಳಿಸುತ್ತಿತ್ತು, ಅಲ್ಲಿಗೂ ಹೋಗಲಾಗಲಿಲ್ಲ. ಕಲ್ಲಿನ ಮೇಲೆ ಕುಳಿತು ಅತ್ತೆ. ನಾನು ಗೇಟಿನಿಂದ ಹತ್ತಿ ಬರುವಾಗ ಅಕ್ಕ ಕಂಡುಕೊಂಡದ್ದು ನಿಜವೇ ಆಗಿತ್ತು. ಅದು ನಿಜವೆಂದು ಗೊತ್ತಾದ ಮೇಲೆ ಅವಳ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು.

ಕುಂಟುತ್ತಾ ಕೆಳಗಿಳಿದಾಗ ಹೋಂಸ್ಟೇಯ ಜೀಪೊಂದು ನಿಂತು ಹತ್ತಿಸಿಕೊಂಡಿತು.

"ತುದಿವರೆಗೆ ಹೋಗಿ ಬಂದ್ರಾ ಅಕ್ಕ?" ಡ್ರೈವರ್ ಕೇಳಿದ.

"ಹೌದು," ಅಂದೆ.