ಅಳೆದು ಬಿಟ್ಟ ಬಾಳೆಮೀನು

ಮೊನ್ನೆ ಚಿಂತಾಮಣಿಗೆ ಹೋಗಿದ್ದಾಗ ಕೋಳಿ ಅಂಗಡಿಯ ಬಕೆಟ್ಟಿನಿಂದ ಕರುಳಿನ ನಾತ ಮೂಗಿಗೆ ಬಡಿಯಿತು. ಹೆಂಡತಿ ಸೆರಗು ಮುಚ್ಚಿಕೊಂಡಳು. ನನಗೆ ಮಾತ್ರ ತೊಂಬತ್ತರ ದಶಕದ ಭಾನುವಾರಗಳು, ಗಾಳಕ್ಕೆ ಕೋಳಿ ಕರುಳು ಸಿಕ್ಕಿಸುತ್ತಿದ್ದ ನಮ್ಮ ಸೂಪರ್‌ವೈಸರ್ ನೆನಪಾದರು...

ಆಗ ನಾನು ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ನಗರಗೆರೆ ಕಡೆಯ ನಮ್ಮೂರ ಕೆರೆಯಲ್ಲಿ ಅವರು ಗಾಳದ ಪಂದ್ಯ ನಡೆಸುತ್ತಿದ್ದರು. ಹಿಡಿದ ಮೀನನ್ನು ಅಳೆದು ಮತ್ತೆ ನೀರಿಗೆ ಬಿಡಬೇಕು, ಅದೇ ನಿಯಮ. ಸಾರಿಗಾಗದ ಮೀನು ಯಾತಕ್ಕೆ ಅಂತ ಊರಿನವರಿಗೆ ನಗು. ಒಮ್ಮೆ ನನ್ನ ಗಾಳಕ್ಕೆ ತೋಳುದ್ದದ ಬಾಳೆಮೀನು ಬಿತ್ತು. ಸೂಪರ್‌ವೈಸರ್ ಅದನ್ನು ಒದ್ದೆ ಗೋಣಿಯ ಮೇಲೆ ಮಲಗಿಸಿ, ತಾವೇ ಕೊಕ್ಕೆ ಬಿಡಿಸಿದರು.

"ಇದು ನಮ್ಮ ಕೆರೆ ಶಾರ್ಕ್ ಕಣಪ್ಪ. ಹೊಟ್ಟೆ ತುಂಬ ಮೊಟ್ಟೆ ಐತೆ ನೋಡು. ಇಂಥೋವು ಉಳುದ್ರೇನೇ ಕೆರೆ ಕೆರೆಯಾಗಿರ್ತದೆ" ಅಂದರು.

ನಾನು ಅವರನ್ನು ಕಣ್ಮುಚ್ಚಿ ನಂಬಿದೆ. ಮೊದಲ ಮಳೆಗೆ ಮೀನುಗಳು ಮೊಟ್ಟೆಯಿಡಲು ಹಳ್ಳದ ನೀರಿಗೆದುರಾಗಿ ಏರಿ ಬರುವಾಗ ಬುಟ್ಟಿ ಒಡ್ಡುವುದು ನಮ್ಮೂರ ಪದ್ಧತಿ. ಅದು ಬೇಡವೆಂದು ಮನೆಮನೆಗೆ ಹೋಗಿ ಕೈಮುಗಿದೆ.

"ನಿಮ್ಮ ಸಾಹೇಬ್ರ ಮಾತು ಕಟ್ಕೊಂಡು ನಮ್ಮ ಬಾಯಿಗೆ ಮಣ್ಣು ಹಾಕ್ತೀಯೇನೋ?" ಎಂದು ದೊಡ್ಡಪ್ಪ ಬೈದರು. ಬೈದರೂ ಬುಟ್ಟಿಯನ್ನು ಅಟ್ಟಕ್ಕೆ ಸೇರಿಸಿದರು. ಊರು ನನ್ನ ಮಾತು ನಡೆಸಿಕೊಟ್ಟಿತು. ಒಂದೆರಡು ಮಳೆಗಾಲದಲ್ಲಿ ಕೆರೆಯಲ್ಲಿ ಬಾಳೆಮೀನು ದಂಡಿಯಾಯಿತು.

ಆಮೇಲಿನ ಬೇಸಿಗೆಯಲ್ಲಿ ಕೆರೆಯ ಮೀನು ಹರಾಜಾಯಿತು. ಕೂಗಿ ಹಿಡಿದವರು ನಮ್ಮ ಸೂಪರ್‌ವೈಸರೇ. ಸುದ್ದಿ ಕೇಳಿ ಏರಿಗೆ ಓಡಿದರೆ, ಬಲೆಯವರಿಗೆ ದೊಡ್ಡ ಮೀನಿರುವ ಮಡುಗಳನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಪಂದ್ಯದಲ್ಲಿ ನಾವು ಗಾಳ ಹಾಕಿ, ಅಳೆದು ಬಿಟ್ಟ ಜಾಗಗಳೇ ಅವೆಲ್ಲ. ಮೀನು ಐಸ್ ಪೆಟ್ಟಿಗೆಗಳಲ್ಲಿ ಲಾರಿ ಹತ್ತುತ್ತಿತ್ತು.

"ಸಾರ್... ಮೊಟ್ಟೆ ಮೀನು..." ಅಂದೆ.

"ಹರಾಜಲ್ಲಿ ತಗೊಂಡಿರೋದು ಕಣಪ್ಪ, ಕದ್ದಿದ್ದಲ್ಲ. ನಿಂಗೂ ಒಂದು ಎತ್ತಿಟ್ಟಿದೀನಿ, ತಗೊಂಡ್ಹೋಗು" ಎಂದು ಹೆಗಲು ತಟ್ಟಿದರು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿಯನ್ನು ಊರಿಗೆ ತಂದು ನೆಟ್ಟವನು ನಾನು. ದೊಡ್ಡಪ್ಪ ಏರಿಯ ಮೇಲೇ ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೂಪರ್‌ವೈಸರ್ ತೀರಿಕೊಂಡು ವರ್ಷಗಳಾದವು. ಮಣ್ಣಿಗೆ ಹೋಗಲು ಮನಸ್ಸಾಗಲಿಲ್ಲ. ಆ ಕೆರೆಯಲ್ಲಿ ಬಾಳೆಮೀನನ್ನು ಮತ್ತೆ ಯಾರೂ ಕಂಡಿಲ್ಲ. ಅವರು ಒಯ್ದದ್ದು ಮೀನೊಂದನ್ನೇ ಅಲ್ಲ. ಹೋದ ವಾರ ಏರಿಯ ಹೊಂಗೆ ಮರಗಳನ್ನು ಕಡಿಯುವುದು ಬೇಡ, ಉಳಿಸಿಕೊಳ್ಳೋಣ ಅಂತ ನಾಲ್ಕು ಜನರ ಮುಂದೆ ಬಾಯಿ ತೆರೆದೆ.

"ಈ ಸಲ ಯಾರಿಗೋಸ್ಕರ ಕಾಯಣಪ್ಪ?" ಅಂದರು ಒಬ್ಬರು.