ಕಲ್ಲಿನ ಮೇಲೆ ಮೊದಲೇ ಕಂಡ ನೀರಿನ ಗೆರೆ

ಕಣ್ಣಿಗೆ ಕಾಣದ್ದನ್ನು ನಂಬುವವನಲ್ಲ ನಾನು. ಆದರೆ ಒಮ್ಮೆ ಕಂಡದ್ದನ್ನೂ ನಂಬದೆ ತಪ್ಪು ಮಾಡಿದೆ. ಈ ವಯಸ್ಸಿನಲ್ಲಾದರೂ ಅದನ್ನು ಹೇಳಿಬಿಡಬೇಕು.

ನಾನು ಬಿಳಿಚೋಡಿನವನು. ನಮ್ಮ ಕಡೆ ನೀರು ಏರಿಬಂದು ಮನೆ ಹೊಕ್ಕಿದ್ದನ್ನು ಕಂಡವರಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಸರ್ವೆಯವರ ಜೊತೆ ಅಳತೆ ಕೋಲು ಹಿಡಿಯುವ ಕೆಲಸಕ್ಕೆ ಸೇರಿದ್ದೆ. ಕೆಲಸದ ಕೊನೆಗಾಲದಲ್ಲಿ ಸೂಳೆಕೆರೆಯ ದಡದಲ್ಲಿ ಉದ್ಯಾನ ಮಾಡುವ ಮಾತು ಬಂತು. ಕೆರೆ ತುಂಬಿದರೆ ನೀರು ಎಲ್ಲಿಯವರೆಗೆ ಬಂದೀತು ಎಂದು ಮೊದಲು ನಕ್ಷೆ ಮಾಡಬೇಕಿತ್ತು. ಇಂಜಿನಿಯರು ದೂರದಿಂದ ದುರ್ಬೀನಿನಲ್ಲಿ ನೋಡುತ್ತಾರೆ. ಅವರು ತೋರಿಸಿದ ಕಡೆ ನಾನು ನೆಲದ ಮೇಲೆ ಕೋಲು ನಿಲ್ಲಿಸಬೇಕು.

ಒಂದು ತಗ್ಗಿನಲ್ಲಿ ಕೆಸರಿತ್ತು, ನನ್ನ ಚಪ್ಪಲಿ ಹೊಸದು. ಅಲ್ಲೇ ಇದ್ದ ಮೊಣಕಾಲೆತ್ತರದ ಕಲ್ಲಿನ ಮೇಲೆ ನಿಂತು, ಕೋಲನ್ನೂ ಅದರ ಮೇಲೆಯೇ ನಿಲ್ಲಿಸಿದೆ. ಪೊದೆಯ ಮರೆಯಿದ್ದುದರಿಂದ ಇಂಜಿನಿಯರಿಗೆ ಬುಡ ಕಾಣಲಿಲ್ಲ. ಹೀಗೆ ಮಾಡಿದರೆ ತಗ್ಗು ನೆಲ ನಕ್ಷೆಯಲ್ಲಿ ಎತ್ತರವಾಗುತ್ತದೆ ಎಂದು ನನಗೆ ಗೊತ್ತಿತ್ತು.

ಹತ್ತಿರದಲ್ಲೇ ಮೀನು ಹುರಿದು ಮಾರುತ್ತಿದ್ದ ಹನುಮವ್ವ ನಕ್ಕಳು. “ಏನ್ರೀ ಕೋಲಣ್ಣ, ಕೆಸರು ತಾಗಿದ್ರೆ ಕರಗಿ ಹೋಗ್ತೀರೇನು?”

ಮರುದಿನ ಬೆಳಿಗ್ಗೆ, ಮರೆತುಬಂದ ಬುತ್ತಿಡಬ್ಬಿ ತರಲು ಹೋದೆ. ಕಲ್ಲಿನ ನೆತ್ತಿಗಿಂತ ನಾಲ್ಕು ಬೆರಳು ಕೆಳಗೆ, ಸುತ್ತಲೂ ಹಿಂದಿನ ದಿನ ಇರದಿದ್ದ ಒಂದು ಹಸಿ ಗೆರೆ. ಗೆರೆಯುದ್ದಕ್ಕೂ ಪಾಚಿ, ಜೀವಂತ ಬಸವನಹುಳುಗಳು. ಪೊದೆಯ ಕಾಂಡಗಳ ಮೇಲೂ ಅದೇ ಮಟ್ಟಕ್ಕೆ ಗೆರೆ. ನಿಂತ ನೀರು ಇಳಿದ ಮೇಲೆ ಉಳಿಯುತ್ತದಲ್ಲ, ಹಾಗೆ. ಕೆರೆಯ ನೀರೋ ಒಂದು ಫರ್ಲಾಂಗು ದೂರದಲ್ಲಿ, ಕೆಳಗಿತ್ತು. ಮಳೆ ಬಂದಿರಲಿಲ್ಲ. ಯಾರೋ ತಮಾಷೆಗೆ ಬಳಿದಿರಬೇಕೆಂದು ಹುಡುಕಿದೆ. ಕೆಸರಿನಲ್ಲಿ ಬೇರೆಯವರ ಒಂದು ಹೆಜ್ಜೆಯೂ ಇರಲಿಲ್ಲ. ಇಂಜಿನಿಯರಿಗೆ ತೋರಿಸಿದರೆ ನನ್ನ ಮೋಸವೂ ಹೊರಬೀಳುತ್ತಿತ್ತು. ಟವೆಲ್ಲಿನಿಂದ ಒರೆಸಿಬಿಟ್ಟೆ.

ನಕ್ಷೆಯಲ್ಲಿ ಆ ತಗ್ಗು ನೀರು ಬಾರದ ಜಾಗವಾಯಿತು. ಉದ್ಯಾನವಾದಾಗ ಹನುಮವ್ವನ ಅಂಗಡಿಗೆ ಅಲ್ಲೇ ಜಾಗ ಕೊಟ್ಟರು. ಅವಳ ಮನೆ ನಡೆಯುತ್ತಿದ್ದುದೇ ಆ ಅಂಗಡಿಯಿಂದ.

“ಇಲ್ಲಿ ಒಲೆ ಹೂಡಬೋದಾ ಅಣ್ಣಾ? ನೀರು ಬರಾಕಿಲ್ಲ ತಾನೆ?” ಎಂದು ಕೇಳಿದಳು.

“ನಕ್ಷೆ ಐತಲ್ಲವ್ವ, ಹೂಡು” ಅಂದೆ.

ಕೆರೆ ತುಂಬಿದ ವರ್ಷ ನೀರು ಅಂಗಡಿಗೆ ನುಗ್ಗಿತು. ಇಳಿದ ಮೇಲೆ ಹೋಗಿ ನೋಡಿದೆ. ಒಲೆ ಕರಗಿ ಮಣ್ಣುಗುಡ್ಡೆಯಾಗಿತ್ತು, ಗೋಡೆ ಬಿದ್ದಿತ್ತು. ಕಲ್ಲಿನ ಮೇಲೆ, ನೆತ್ತಿಗಿಂತ ನಾಲ್ಕು ಬೆರಳು ಕೆಳಗೆ, ಹಸಿ ಗೆರೆ. ಅದೇ ಪಾಚಿ, ಅದೇ ಹುಳುಗಳು.

ಹನುಮವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನ ಹೆಗಲ ಮೇಲಿನ ಟವೆಲ್ಲನ್ನು ಎಳೆದು ನನ್ನ ಕೈಗೇ ಕೊಟ್ಟಳು.

“ಅವತ್ತು ಒರೆಸಿದ್ರಲ್ಲ, ಇವತ್ತೂ ಒರೆಸ್ರಿ ನೋಡಾನ.”

ಕೈ ಏಳಲಿಲ್ಲ. ಆ ಮೊದಲ ಬೆಳಿಗ್ಗೆ ಅಲ್ಲಿಗೆ ಬಂದು ಹೋದದ್ದು ಯಾವ ನೀರು, ಇನ್ನೂ ನನಗೆ ಗೊತ್ತಿಲ್ಲ.