ಲಿಫ್ಟಿನ ಫೈಲಿನಿಂದ ನಾನು ತೆಗೆಯದ ಸಾಲು

ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕಂಪನಿ ಪ್ರೋಗ್ರಾಮ್ ಬರೆದುಕೊಟ್ಟಿದ್ದ ಲಿಫ್ಟು ಮೂರನೆಯ ಮಹಡಿಗಿಂತ ಗೇಣುದ್ದ ಕೆಳಗೆ ನಿಂತು ಬಾಗಿಲು ತೆರೆಯಿತು. ಮನೆಗೆಲಸಕ್ಕೆ ಬಂದಿದ್ದ ಹೆಂಗಸೊಬ್ಬರು ಎಡವಿ ಬಿದ್ದು ಮಂಡಿ ಒಡೆದುಕೊಂಡರು. ಮರುದಿನ ನಾನು ಪರೀಕ್ಷಿಸಲು ಹೋದಾಗ ಅವರು ಮೆಟ್ಟಿಲ ಮೇಲೆ ಕೂತು ಬ್ಯಾಂಡೇಜು ಸರಿಮಾಡಿಕೊಳ್ಳುತ್ತಿದ್ದರು.

"ನೋಡ್ಕೊಂಡು ಕಾಲಿಡ್ಬೇಕಿತ್ತು ಅಂತ ಎಲ್ರೂ ನನ್ನೇ ಬೈತಾವ್ರೆ ಮೇಡಂ."

ಜಯನಗರದ ನಮ್ಮ ಆಫೀಸಿನಲ್ಲಿ ಬೈಸಿಕೊಳ್ಳುವ ಸರದಿ ನನ್ನದು. ಲಿಫ್ಟು ಮಹಡಿಗೆ ಸಮನಾಗಿ ನಿಂತಿದೆಯೇ ಎಂದು ನೋಡುವ ಭಾಗವನ್ನು ಬರೆದವಳು ನಾನೇ.

"ನಿಮ್ಮ ಕೋಡ್‌ದೇ ಪ್ರಾಬ್ಲಂ. ಒಪ್ಕೊಂಡು ಒಂದು ಮೇಲ್ ಹಾಕ್ಬಿಡಿ," ಎಂದರು ಮ್ಯಾನೇಜರ್.

"ನೋಡ್ದೆ ಒಪ್ಪಲ್ಲ ಸಾರ್," ಎಂದೆ.

ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂಥ ಆಬ್ಜೆಕ್ಟ್ ಫೈಲುಗಳನ್ನಾಗಿ ಮಾಡುವುದು ಕಂಪೈಲರ್. ಅದಕ್ಕೆ ಆಜ್ಞೆ ಕೊಡುವಾಗ ಜೊತೆಗೆ ಕೆಲವು ಆಪ್ಷನ್‌ಗಳನ್ನು ಟೈಪ್ ಮಾಡುತ್ತೇವೆ. ಬರೆದದ್ದರಲ್ಲಿ ಒಂದಕ್ಷರ ಬದಲಾಗದಿದ್ದರೂ ಆಪ್ಷನ್ ಬದಲಾದರೆ ಲಿಫ್ಟಿನ ನಡತೆ ಬದಲಾಗಬಹುದು. ಏನು ಕೊಟ್ಟಿದ್ದೆವೆಂಬುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಹಿಂದಿನ ವರ್ಷ, ಆಪ್ಷನ್‌ಗಳೆಲ್ಲ ಕಂಪೈಲ್ ಮಾಡಿದ ಫೋಲ್ಡರಿನ ಹೆಸರಿನ ಸಮೇತ ಆಬ್ಜೆಕ್ಟ್ ಫೈಲಿನೊಳಗೇ ದಾಖಲಾಗುವಂತೆ ಮಾಡಿದ್ದೆ. "ಸುಮ್ನೆ ಫೈಲ್ ದಪ್ಪ ಮಾಡ್ತೀರ," ಎಂದು ಮ್ಯಾನೇಜರ್ ಆಗ ನಕ್ಕಿದ್ದರು.

ಆ ಲಿಫ್ಟಿಗೆ ಹಾಕಿದ್ದ ಫೈಲನ್ನು ತರಿಸಿ ತೆರೆದೆ. ನನ್ನ ಭಾಗದ ದಾಖಲೆಯಲ್ಲಿ 'ಡೆಮೊ' ಎಂಬ ಆಪ್ಷನ್ ಇತ್ತು. ಪ್ರದರ್ಶನದ ಮಳಿಗೆಯಲ್ಲಿ ಮಾದರಿ ಲಿಫ್ಟು ಚುರುಕಾಗಿ ಓಡಲೆಂದು ಮಹಡಿಯ ತಪಾಸಣೆಯನ್ನೇ ಬಿಟ್ಟುಬಿಡುವ ಆಪ್ಷನ್ ಅದು. ಪಕ್ಕದಲ್ಲೇ ಮ್ಯಾನೇಜರರ ಲ್ಯಾಪ್‌ಟಾಪಿನ ಫೋಲ್ಡರ್ ಹೆಸರು. ಗಡಿಬಿಡಿಯಲ್ಲಿ ಅವರೇ ಕಂಪೈಲ್ ಮಾಡಿ ಕಳಿಸಿದ್ದರು.

ತೋರಿಸಿದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದರು.

"ಕಸ್ಟಮರ್ ಫೈಲ್ ಕೇಳಿದಾರೆ. ಈ ರೆಕಾರ್ಡ್ ತೆಗ್ದು ಕಳ್ಸೋಣ. ನಿಮ್ಮ ತಪ್ಪು ಅಂತಾನೂ ಹೇಳಲ್ಲ, ಬಿಡಿ."

"ತೆಗೆಯಲ್ಲ ಸಾರ್."

"ಅಪ್ರೈಸಲ್ ಹತ್ರ ಬಂತು, ಗೊತ್ತಲ್ವಾ?"

"ಗೊತ್ತು. ಇದೇ ಫೈಲ್ ಬೇರೆ ಲಿಫ್ಟ್‌ಗಳಿಗೂ ಹೋಗಿದೆ ಅನ್ನೋದೂ ಗೊತ್ತು."

ಅವರೆದುರೇ ಕೂತು, ಫೈಲನ್ನು ಇದ್ದಂತೆಯೇ ನಮ್ಮ ಗ್ರಾಹಕರಾದ ಲಿಫ್ಟ್ ಕಂಪನಿಗೆ ಕಳಿಸಿದೆ. ಆ ಸಾಲಿನ ಅರ್ಥ ಬಿಡಿಸಿ ಬರೆದು, ಹೊಸ ಫೈಲು ಬರುವವರೆಗೆ ಲಿಫ್ಟುಗಳನ್ನು ನಿಲ್ಲಿಸಿ ಎಂದೆ. ನಿಲ್ಲಿಸಿದರು. ಎರಡು ದಿನದಲ್ಲಿ ಎಲ್ಲವೂ ಸರಿಯಾಯಿತು.

ಆ ಶನಿವಾರ ಜೆ.ಪಿ. ನಗರಕ್ಕೆ ಹೋಗಿ, ಬಿದ್ದಿದ್ದ ಆ ಹೆಂಗಸಿಗೆ, "ನಿಮ್ದೇನೂ ತಪ್ಪಿಲ್ಲ ಅಕ್ಕ, ತಪ್ಪು ನಮ್ಮ ಕಡೆಯದು," ಎಂದೆ. ಅವರು ನನ್ನ ಕೈ ಹಿಡಿದು ಅಪಾರ್ಟ್‌ಮೆಂಟಿನವರ ಅಸೋಸಿಯೇಷನ್ ಆಫೀಸಿನತ್ತ ನಡೆದರು. "ನಂಗಲ್ಲ, ಅವ್ರಿಗೆ ಹೇಳಿ." ಹೇಳಿದೆ.

ಆ ವರ್ಷ ನನಗೆ ಬಡ್ತಿ ಸಿಗಲಿಲ್ಲ. ರಾಜೀನಾಮೆ ಕೊಡುತ್ತೇನೆಂದು ಮ್ಯಾನೇಜರ್ ಅಂದುಕೊಂಡಿದ್ದರೇನೋ, ಕೊಡಲಿಲ್ಲ. ಸ್ವಲ್ಪ ದಿನಕ್ಕೆ ಮೀಟಿಂಗಿನಲ್ಲಿ, ಆಪ್ಷನ್ ದಾಖಲಿಸುವ ವ್ಯವಸ್ಥೆಯನ್ನೇ ಕೈಬಿಡೋಣ ಎಂದು ಅವರು ಮಾತೆತ್ತಿದರು. "ಬಿಡೋಣ ಸಾರ್. ಯಾಕೆ ಅಂತ ಬರ್ದು, ನೀವೇ ಸೈನ್ ಮಾಡಿ ಕೊಡಿ," ಎಂದೆ.

ಯಾರೂ ಸಹಿ ಮಾಡಲಿಲ್ಲ.